ಪಟೇಲರ ರುಮಾಲಿನ ಹಿಂದೆ ಕೂತವನು

ಬಸ್ಸಿನಲ್ಲಿ ಓಡಾಡುವವನಿಗೆ ಮನುಷ್ಯಕುಲದ ಮುಖಕ್ಕಿಂತ ಅದರ ಹಿಂದಲೆಯ ಪರಿಚಯವೇ ಹೆಚ್ಚು ಎಂಬ ಸಂಗತಿಯನ್ನು ಯಾವ ಪಂಡಿತರೂ ಇದುವರೆಗೆ ಗಮನಿಸಿದಂತಿಲ್ಲ. ನಾನು ಗಮನಿಸಿದ್ದೇನೆ, ಏಕೆಂದರೆ ನನಗೆ ಬೇರೆ ನೋಟವೇ ಇರಲಿಲ್ಲ. ಯುದ್ಧದ ವರ್ಷಗಳಲ್ಲಿ ಮಳವಳ್ಳಿಯ ಶಾಲೆಯೊಂದರಲ್ಲಿ ಮೇಷ್ಟರಾಗಿದ್ದ ನಾನು ಪ್ರತಿ ಶನಿವಾರ ಮಧ್ಯಾಹ್ನ ಪಾಠ ಮುಗಿಸಿ, ಮದ್ದೂರಿನವರೆಗೆ ಬಸ್ಸಿನಲ್ಲಿಯೂ, ಅಲ್ಲಿಂದ ಮಂಡ್ಯಕ್ಕೆ ರೈಲಿನಲ್ಲಿಯೂ, ಮಂಡ್ಯದಿಂದ ನಮ್ಮೂರಾದ ಕೊತ್ತತ್ತಿಗೆ ಸಿಕ್ಕಿದರೆ ಎತ್ತಿನ ಗಾಡಿಯಲ್ಲಿಯೂ ಸಿಗದಿದ್ದರೆ ಸ್ವಂತ ಕಾಲುಗಳ ಮೇಲೆಯೂ ಹೋಗಿ, ಅವ್ವನ ಕೈಯ ಮುದ್ದೆ ಉಂಡು ಬರುತ್ತಿದ್ದೆ. ಈ ಪಯಣದ ಮೊದಲ ಭಾಗದಲ್ಲಿ, ಮೊಣಕಾಲಿಗೆ ಮುಂದಿನ ಸೀಟೂ ಮೂಗಿಗೆ ಮುಂದಿನವರ ತಲೆಯೂ ತಗಲುವ ಇಕ್ಕಟ್ಟಿನಲ್ಲಿ, ನಾನು ಅಧ್ಯಯನ ಮಾಡಿದ ಹಿಂದಲೆಗಳು ಅನೇಕ: ಎಣ್ಣೆ ಬಳಿದವು, ಬೋಳಾದವು, ಜುಟ್ಟಿನವು, ಟೋಪಿಯವು. ಇವೆಲ್ಲದರಲ್ಲಿ ಗಾಂಭೀರ್ಯಕ್ಕೆ ಮೊದಲ ಬಹುಮಾನ ರುಮಾಲು ಸುತ್ತಿದ ತಲೆಗೇ ಸಲ್ಲಬೇಕು.

ಅಂಥದೊಂದು ಶನಿವಾರ, ಯಾರೋ ಹಿರಿಯರ ಬಿಳಿಯ ರುಮಾಲು ಬಸ್ಸಿನ ಕುಲುಕಾಟಕ್ಕೆ ಸರಿಯಾಗಿ ನನ್ನೆದುರು ತಲೆದೂಗುತ್ತಿದ್ದಾಗ, ನನ್ನ ಮನಸ್ಸಿನಲ್ಲಿ ಆಹ್ವಾನವಿಲ್ಲದೆ, ಕಾರಣವಿಲ್ಲದೆ, ಪೂರ್ವಸೂಚನೆಯೂ ಇಲ್ಲದೆ ಒಂದು ಆಲೋಚನೆ ಉದ್ಭವಿಸಿತು: ಇದನ್ನು ಎರಡು ಕೈಯಲ್ಲೂ ಹಿಡಿದು ಮೆಲ್ಲಗೆ ಮೇಲಕ್ಕೆತ್ತಿಬಿಟ್ಟರೆ?

ಆ ಹಿರಿಯರ ಮೇಲೆ ನನಗೆ ಲವಲೇಶವೂ ದ್ವೇಷವಿರಲಿಲ್ಲ. ಅವರ ಮುಖವನ್ನೇ ನಾನು ಕಂಡಿರಲಿಲ್ಲ. ರುಮಾಲಿನ ಮೇಲೂ ನನಗೆ ಆಸೆಯಿರಲಿಲ್ಲ. ನಮ್ಮ ಸೀಮೆಯಲ್ಲಿ ಒಬ್ಬ ಗೃಹಸ್ಥನ ತಲೆಯ ರುಮಾಲಿಗೆ ಕೈಹಾಕುವುದೆಂದರೆ ಅವನ ಕೆನ್ನೆಗೆ ಹೊಡೆದದ್ದಕ್ಕಿಂತ ಒಂದು ತೂಕ ಹೆಚ್ಚಿನ ಅಪಮಾನ. ಕೆನ್ನೆಗೆ ಹೊಡೆದವರು ಮುಂದಿನ ಹಬ್ಬಕ್ಕೆ ರಾಜಿಯಾದ ಉದಾಹರಣೆಗಳುಂಟು, ರುಮಾಲು ಕೆಡವಿದವರ ಮನೆಗೆ ಮೊಮ್ಮಕ್ಕಳ ಕಾಲದವರೆಗೂ ಹೋಗಿಬರುವುದು ನಿಂತಿರುತ್ತದೆ. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಆ ಆಲೋಚನೆ ನನ್ನನ್ನು ಆರಿಸಿಕೊಂಡು ಬಂದಿತ್ತೇನೋ.

ನಿಮಗೂ ಇಂಥದೇನಾದರೂ ಬಂದಿರಬಹುದು, ಹೇಳಿಕೊಂಡಿರಲಾರಿರಿ. ನಾನೂ ಹೇಳಿಕೊಳ್ಳಲಿಲ್ಲ. ಬದಲಿಗೆ ಯುದ್ಧ ಹೂಡಿದೆ. ಸೋಮವಾರದಿಂದ ರುಮಾಲನ್ನು ನೆನೆಯುವುದಿಲ್ಲವೆಂದು ಶಪಥ ಮಾಡಿ, ಸೋಮವಾರವಿಡೀ ನೆನೆಯುತ್ತಿದ್ದೇನೆಯೇ ಇಲ್ಲವೇ ಎಂದು ಪರೀಕ್ಷಿಸುತ್ತ ರುಮಾಲಿನ ಜೊತೆಗೇ ಕಳೆದೆ. ನಮ್ಮ ಶಾಲೆಯ ಸಂಸ್ಕೃತ ಪಂಡಿತರನ್ನು, ಯಾರೋ ಸ್ನೇಹಿತರ ತೊಂದರೆ ಎಂಬಂತೆ ವಿಚಾರಿಸಿದಾಗ, ಕೆಟ್ಟ ಯೋಚನೆ ಬಂದ ತಕ್ಷಣ ಭಗವಂತನ ನಾಮಗಳನ್ನು ಒಂದೊಂದಾಗಿ ಹೇಳಿಕೊಳ್ಳಬೇಕೆಂದು ಅಪ್ಪಣೆಯಾಯಿತು. ಹೇಳಿಕೊಂಡೆ. ಹದಿನೈದು ದಿನದಲ್ಲಿ ಆ ಆಲೋಚನೆಗೆ ನಾಮಾವಳಿ ಕಂಠಪಾಠವಾಗಿ, ದೇವಸ್ಥಾನದಲ್ಲಿ ಅರ್ಚಕರು ಮೊದಲ ನಾಮ ಎತ್ತಿದ ಕೂಡಲೇ ನನ್ನ ಕಣ್ಣ ಮುಂದೆ ದೇವರಿಗೆ ಬದಲಾಗಿ ಒಂದು ರುಮಾಲು ಪ್ರತ್ಯಕ್ಷವಾಗತೊಡಗಿತು.

ಹೆಡ್‌ಮೇಷ್ಟರು ಜರಿಪೇಟ ಧರಿಸಿ ನನ್ನ ತರಗತಿಗೆ ಬಂದ ದಿನಗಳಲ್ಲಿ ನಾನು ಭೂಪಟದ ಕೋಲನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದು ಕಂಬದಂತೆ ನಿಲ್ಲುತ್ತಿದ್ದೆ. ಅವರು ಇದನ್ನು ನನ್ನ ಶಿಸ್ತೆಂದು ಭಾವಿಸಿ, ಇತರ ಮೇಷ್ಟರುಗಳಿಗೆ ನನ್ನನ್ನು ಮಾದರಿಯಾಗಿ ತೋರಿಸಿದರು. ಬಸ್ಸಿನಲ್ಲಿ ಭೂಪಟದ ಕೋಲಿಲ್ಲದ ಕಾರಣ, ಡ್ರೈವರನ ಪಕ್ಕದ ಸೀಟೇ ನನಗೆ ಗತಿಯಾಯಿತು. ಅಲ್ಲಿ ಕೂತರೆ ಎದುರಿಗೆ ಗಾಜು, ಗಾಜಿನಾಚೆ ರಸ್ತೆ, ರಸ್ತೆಗೆ ರುಮಾಲಿಲ್ಲ. ಆ ಸೀಟಿಗಾಗಿ ನಾನು ಬಸ್ಸು ಹೊರಡುವ ಒಂದು ಗಂಟೆ ಮೊದಲೇ ಹೋಗಿ ಕಾಯುತ್ತಿದ್ದೆ.

ಹೊರಡುವ ಮೊದಲು ಬಸ್ಸಿಗೂ ಕೆಲಸವಿರುತ್ತಿತ್ತು. ಪೆಟ್ರೋಲು ಯುದ್ಧಕ್ಕೆ ಹೋಗಿ, ನಮ್ಮ ಬಸ್ಸುಗಳು ಇದ್ದಿಲು ತಿಂದು ಬದುಕಬೇಕಾಗಿದ್ದ ಕಾಲ ಅದು. ಬಸ್ಸಿನ ಬೆನ್ನಿಗೆ ಆಳೆತ್ತರದ ಕಬ್ಬಿಣದ ಪೀಪಾಯಿಯೊಂದನ್ನು ಕಟ್ಟಿ, ಅದರೊಳಗೆ ಇದ್ದಿಲು ಹೊತ್ತಿಸಿ, ಅದರ ಗ್ಯಾಸಿನಿಂದ ಇಂಜಿನ್ನು ನಡೆಸುತ್ತಿದ್ದರು; ಏರು ಬಂದರೆ ಮಾತ್ರ ಪ್ರಯಾಣಿಕರು ಇಳಿದು ನೂಕಬೇಕಾಗಿತ್ತು. ಡ್ರೈವರ್ ಬಾಷಾ ಸಾಹೇಬರು ಮದ್ದೂರಿನವರು. ಗ್ಯಾಸಿನ ಹಬೆಗೆ ಹುಬ್ಬು ಸುಟ್ಟುಕೊಂಡು ಸದಾ ಆಶ್ಚರ್ಯಪಟ್ಟವರಂತೆ ಕಾಣುತ್ತಿದ್ದರೂ ಯಾವುದಕ್ಕೂ ಆಶ್ಚರ್ಯಪಡದ ಜೀವ. ಆರು ವಾರ ನನ್ನ ಕಾಯುವಿಕೆಯನ್ನು ನೋಡಿದ ಮೇಲೆ ಒಂದು ದಿನ ಅವರು, ಯಾಕೆ ಮೇಷ್ಟ್ರೇ ಈ ಸೀಟೇ ಬೇಕು ಎಂದು ಕೇಳಿದರು. ಅವರಿಗೆ ಟೋಪಿಯಿತ್ತೇ ಹೊರತು ರುಮಾಲಿರಲಿಲ್ಲವಾಗಿ, ನನಗೆ ಧೈರ್ಯ ಬಂದು ಹೇಳಿಬಿಟ್ಟೆ.

ಬಾಷಾ ಸಾಹೇಬರು ನಗಲಿಲ್ಲ. ಪೀಪಾಯಿಯ ಪಕ್ಕಕ್ಕೆ ಕರೆದುಕೊಂಡು ಹೋಗಿ ಒಂದು ಸಣ್ಣ ಮುಚ್ಚಳ ತೆಗೆದು ತೋರಿಸಿದರು. ಅದರಿಂದ ಹಳದಿಯ ಹೊಗೆ ಬುಸುಬುಸು ಹೊರಟಿತು.

"ಹಚ್ಚಿದ ಕೂಡ್ಲೆ ಬರೋದು ಬರೀ ಕಚಡಾ ಹೊಗೆ ಮೇಷ್ಟ್ರೇ. ಇಂಜಿನ್ನಿಗೆ ಬುಟ್ರೆ ಇಂಜಿನ್ ಹಾಳು. ಮುಚ್ಚಿಟ್ರೆ ಪೀಪಾಯಿ ಹಾಳು. ಹಿಂಗೆ ಬಾಯಿ ತೆಗ್ದು ಆಚೆ ಬುಡಬೇಕು. ನೀವು ಇದನ್ನ ಯಾರಿಗೂ ಹೇಳಿರಲಿಲ್ಲ ಅಲ್ವಾ? ಅದಕ್ಕೇ ನಿಮ್ಮ ಮುಖ ಹಂಗಾಗಿರೋದು."

ಆ ಶನಿವಾರ ನನಗೆ ನಿಜಕ್ಕೂ ಹಗುರವಾಯಿತು. ಆದರೆ ಒಬ್ಬ ಡ್ರೈವರಿಗೆ ಹೇಳಿದ ಮಾತ್ರಕ್ಕೆ ಜಗತ್ತಿನ ರುಮಾಲುಗಳೆಲ್ಲ ಮಾಯವಾಗುವುದಿಲ್ಲ. ಅದರಲ್ಲೂ ನನ್ನ ಹಣೆಯಲ್ಲಿ ಬರೆದಿದ್ದ ರುಮಾಲು ಆಗಿನ್ನೂ ದಾರಿಯಲ್ಲಿತ್ತು.

ಮಳವಳ್ಳಿಯಿಂದ ಎರಡು ಮೈಲಿಯ ಹಳ್ಳಿಯೊಂದರ ಪಟೇಲ್ ಚಿಕ್ಕೇಗೌಡರ ಮಗಳು ಜಯಮ್ಮನನ್ನು ನನಗೆ ತಂದುಕೊಳ್ಳಬೇಕೆಂದು ಅವ್ವ ಮಾತು ನಡೆಸಿದ್ದಳು. ಹೆಣ್ಣು ನೋಡಲು ಹೋದೆವು. ಪಟೇಲರು ಆಜಾನುಬಾಹು, ತಲೆಯ ಮೇಲೆ ಕೆಂಪು ಅಂಚಿನ ಬಿಳಿಯ ರುಮಾಲು. ಅದನ್ನು ಅವರು ದಿನಾ ಬೆಳಿಗ್ಗೆ ಮೊಣಕಾಲಿಗೆ ಸುತ್ತಿ ಕಟ್ಟಿ, ಆಮೇಲೆ ಇಡಿಯಾಗಿ ಎತ್ತಿ ತಲೆಗಿಟ್ಟುಕೊಳ್ಳುತ್ತಾರೆಂದು ಹೊರಡುವ ಮೊದಲೇ ಕೇಳಿದ್ದೆ. ಅಂದರೆ ಅದು ಇಡಿಯಾಗಿಯೇ ಎತ್ತಲೂ ಬರುವಂಥದು. ಅವರು ಪ್ರೀತಿಯಿಂದ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡರು. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿ, ಅವುಗಳ ಮೇಲೆ ನನ್ನ ಪೂರ್ತಿ ಭಾರ ಬಿಟ್ಟು ಕೂತೆ.

ಜಯಮ್ಮ ಪಾನಕದ ಲೋಟ ತಂದು ಮುಂದೆ ಹಿಡಿದಳು. ನಾನು ಕೈ ತೆಗೆಯಲಿಲ್ಲ. ಆಕೆ ಹಿಡಿದೇ ಇದ್ದಳು. ನಾನು ಕೂತೇ ಇದ್ದೆ. ಕೊನೆಗೆ ಆಕೆ ಲೋಟವನ್ನು ನನ್ನ ಕಾಲ ಬಳಿ ನೆಲದ ಮೇಲಿಟ್ಟು, ತಲೆಯೆತ್ತಿ ನನ್ನನ್ನು ನೇರವಾಗಿ ನೋಡಿ, ತುಟಿ ಕಚ್ಚಿಕೊಂಡು ನಗೆ ತಡೆದಳು. ಆ ತಡೆದ ನಗೆ ನನ್ನನ್ನು ಮುಗಿಸಿತು. ಮದುವೆಯಾದರೆ ಇವಳನ್ನೇ, ಇಲ್ಲವಾದರೆ ಮಂಡ್ಯದ ಕಬ್ಬಿನ ಗದ್ದೆಗಳಲ್ಲಿ ಗುರಿಯಿಲ್ಲದೆ ಅಲೆಯುವುದು ಎಂದು ಅಲ್ಲೇ ತೀರ್ಮಾನಿಸಿದೆ. ಪಾನಕ ಕುಡಿಯಲಾಗಲಿಲ್ಲ.

ಹೆಣ್ಣು ಒಪ್ಪಿಗೆಯಾಯಿತು, ಇನ್ನು ಉಳಿದದ್ದು ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡುವುದು. ಹೊಲ ಗದ್ದೆ, ಕೊಟ್ಟಿಗೆ, ಬಾವಿಯ ನೀರು ಎಲ್ಲ ನೋಡಿ ತೃಪ್ತಿಯಾದ ಮೇಲೆಯೇ ವೀಳ್ಯದ ಮಾತು. ಪಟೇಲರು ಇದಕ್ಕೆ ಬೇರೆ ಯಾರನ್ನೂ ಕರೆತರದೆ, ಶನಿವಾರ ನೀವು ಹೋಗುವಾಗಲೇ ನಾನೂ ಬರುತ್ತೇನೆ ಎಂದು ಹೇಳಿ ಕಳುಹಿಸಿದರು. ಈ ಸುದ್ದಿ ಕೇಳಿ ನನಗೆ ಸಂತೋಷವೂ ಜ್ವರವೂ ಒಟ್ಟಿಗೆ ಬಂದವು.

ಆದರೂ ನಾನು ಎದೆಗುಂದಲಿಲ್ಲ. ನನ್ನ ಬಳಿ ಮುಂದಿನ ಸೀಟಿತ್ತು. ಒಂದು ಗಂಟೆ ಮೊದಲೇ ಹೋಗಿ ಅದರಲ್ಲಿ ಕೂತೆ. ಪಟೇಲರು ಬಂದರು. ಹಿರಿಯರು, ಮಾವನಾಗಲಿರುವವರು, ಅವರು ಹಿಂದೆ ಕೂರುವುದೂ ನಾನು ಮುಂದೆ ಕೂರುವುದೂ ಯಾವ ಶಾಸ್ತ್ರದಲ್ಲಾದರೂ ಉಂಟೇ? ಬಸ್ಸಿನಲ್ಲಿದ್ದ ಜನರೆಲ್ಲ ನನ್ನನ್ನೇ ನೋಡತೊಡಗಿದರು. ಎದ್ದೆ. ಪಟೇಲರು ನನ್ನ ವಿನಯಕ್ಕೆ ಮೆಚ್ಚಿ ಮುಂದೆ ಕೂತರು. ಬಸ್ಸಿನಲ್ಲಿ ಆಗ ಖಾಲಿ ಉಳಿದಿದ್ದ ಜಾಗ ಒಂದೇ, ಅವರ ನೇರ ಹಿಂದಿನದು. ಮರ್ಯಾದೆಯಿಂದ ನಡೆದುಕೊಂಡವನಿಗೆ ಇಂಥ ಪ್ರತಿಫಲ ಸಿಗುವುದಾದರೆ ಮಕ್ಕಳಿಗೆ ನೀತಿಪಾಠ ಹೇಗೆ ಮಾಡುವುದು ಎಂದು ನನ್ನೊಳಗಿನ ಮೇಷ್ಟರು ಕೇಳಿದರು. ಉತ್ತರ ಕೊಡಲು ಪುರುಸೊತ್ತಿರಲಿಲ್ಲ. ಕೆಂಪಂಚಿನ ರುಮಾಲು ನನ್ನ ಮೂಗಿನಿಂದ ಒಂದು ಗೇಣಿನಲ್ಲಿತ್ತು.

ಬಾಷಾ ಸಾಹೇಬರು ಹಿಂತಿರುಗಿ ನನ್ನನ್ನೂ ರುಮಾಲನ್ನೂ ನೋಡಿದರು. ಅವರ ಸುಟ್ಟ ಹುಬ್ಬುಗಳ ಕೆಳಗೆ ಮೊದಲ ಸಲ ನಿಜವಾದ ಗಾಬರಿ ಕಂಡಿತು. ಒಳ್ಳೆಯ ಮನಸ್ಸಿನಿಂದಲೇ, "ಪಟೇಲ್ರೇ, ರುಮಾಲು ಜೋಪಾನ, ಇವತ್ತು ಗಾಳಿ ಜಾಸ್ತಿ," ಎಂದರು. ಹೊರಗೆ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಪಟೇಲರು ಆಕಾಶ ನೋಡಿ, ಡ್ರೈವರನ್ನು ನೋಡಿದರು.

ಮೊದಲ ಮೂರು ಮೈಲಿ ನಾನು ಕೊಡೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದೆ. ಅಷ್ಟರಲ್ಲಿ ಏರು ಬಂದು ಎಲ್ಲರೂ ಇಳಿದು ನೂಕಿದೆವು. ಹತ್ತುವ ಗಡಿಬಿಡಿಯಲ್ಲಿ ಕೊಡೆ ನನ್ನ ಕೈಬಿಟ್ಟು, ಬದನೆಕಾಯಿ ಬುಟ್ಟಿಯ ಅಜ್ಜಿಯೊಬ್ಬಳ ಕೆಳಗೆ ಸೇರಿತು. ನಿರಾಯುಧನಾಗಿ ಕೂತೆ. ಬಸ್ಸು ಇಳಿಜಾರಿನಲ್ಲಿ ಹುರುಪು ತಂದುಕೊಂಡು ಓಡಿ, ರಸ್ತೆಯ ನಡುವಿನ ಹಳ್ಳವೊಂದಕ್ಕೆ ಧಡಕ್ಕನೆ ಬಿದ್ದೆದ್ದಿತು. ನಾವೆಲ್ಲ ಸೀಟಿನಿಂದ ಒಂದು ಮೊಳ ಮೇಲಕ್ಕೆ ಹೋಗಿ ಕೆಳಕ್ಕೆ ಬಂದೆವು. ಪಟೇಲರೂ ಕೆಳಕ್ಕೆ ಬಂದರು. ಅವರ ರುಮಾಲು ಮಾತ್ರ ಬರಲಿಲ್ಲ. ಅದು ನನ್ನ ಎರಡು ಕೈಗಳಲ್ಲಿತ್ತು.

ಬಾಷಾ ಸಾಹೇಬರು ಗಾಡಿ ನಿಲ್ಲಿಸಿದರು. ಪಟೇಲರು ತಮ್ಮ ಬೋಳುತಲೆಯನ್ನು ಒಮ್ಮೆ ಮುಟ್ಟಿ ನೋಡಿ, ಇಡೀ ದೇಹವನ್ನು ತಿರುಗಿಸಿ, ನನ್ನ ಕೈಗಳನ್ನು ನೋಡಿದರು.

"ಮೇಷ್ಟ್ರೇ," ಎಂದರು, ಬಹಳ ನಿಧಾನವಾಗಿ. "ಬೀಳದಂಗೆ ಇಡ್ಕಂಡ್ರೋ, ಕಿತ್ಕಂಡ್ರೋ?"

ಬೀಳದಂತೆ ಹಿಡಿದೆ ಎಂದು ಹೇಳಿದ್ದರೆ ಕಥೆ ಅಲ್ಲಿಗೆ ಸುಖವಾಗಿ ಮುಗಿಯುತ್ತಿತ್ತು. ಬಸ್ಸಿನವರೆಲ್ಲ ಭಲೇ ಎನ್ನುತ್ತಿದ್ದರು. ಮಾವನ ಮಾನ ಕಾಪಾಡಿದ ಅಳಿಯನೆಂದು ಮೂರು ತಾಲ್ಲೂಕಿನಲ್ಲಿ ಹೆಸರಾಗುತ್ತಿತ್ತು. ಅದು ಸುಳ್ಳೆಂದೂ ಹೇಳುವಂತಿರಲಿಲ್ಲ. ಆದರೆ ಆರು ತಿಂಗಳು ಆ ಕೈಗಳನ್ನು ಕಾವಲು ಕಾಯ್ದವನು ನಾನು. ಹಳ್ಳ ಬರುವ ಮೊದಲೇ ಅವು ಅರ್ಧ ಎದ್ದಿದ್ದವೋ ಏನೋ ಎಂಬ ಅನುಮಾನ ನನಗಿತ್ತು. ಇವರ ಮನೆಯ ಮಗಳನ್ನು ಕರೆತಂದು, ಇವರ ಪಕ್ಕದಲ್ಲಿ ಜೀವಮಾನವೆಲ್ಲ ತೊಡೆಯ ಕೆಳಗೆ ಕೈಯಿಟ್ಟುಕೊಂಡು ಕೂರುವುದನ್ನು ನೆನೆದೇ ನನಗೆ ದುಃಖ ಉಕ್ಕಿತು. ಬಾಯಿಯ ಮುಚ್ಚಳ ತಾನಾಗಿ ತೆರೆದುಕೊಂಡಿತು.

"ನನಗೇ ಗೊತ್ತಿಲ್ಲ ಗೌಡ್ರೇ," ಎಂದೆ. "ರುಮಾಲು ಕಂಡ್ರೆ ಎತ್ತಿಬಿಡಬೇಕು ಅನ್ನಿಸ್ತದೆ. ಆರು ತಿಂಗಳಿಂದ. ನಿಮ್ಮ ಮೇಲೆ ಕೋಪ ಇಲ್ಲ, ಏನೂ ಇಲ್ಲ. ಸುಮ್ಮನೆ ಅನ್ನಿಸ್ತದೆ. ಬೇಡ ಅಂದ್ರೂ ಹೋಗಲ್ಲ. ಅವತ್ತು ನಿಮ್ಮ ಮನೇಲಿ ಪಾನಕ ಕುಡೀದೆ ಇದ್ದದ್ದೂ ಅದಕ್ಕೇ."

ಜಯಮ್ಮ ಇನ್ನು ಬೇರೆ ಯಾರ ಮುಂದೋ ಲೋಟ ಹಿಡಿಯುತ್ತಾಳೆ ಎಂದುಕೊಂಡೆ. ಪಟೇಲರು ಕತ್ತು ಮುಂದಕ್ಕೆ ಬಾಗಿಸಿ, ಗುಟ್ಟು ಹೇಳುವವರಂತೆ, ಆದರೆ ಆಜಾನುಬಾಹುವಿನ ಗುಟ್ಟು ಇಡೀ ಬಸ್ಸಿಗೆ ಕೇಳಿಸುವಂತೆ ಹೇಳಿದರು:

"ನಂಗೆ ಕೋಳಿ ಕೂಗಾನ ಅನ್ನಿಸ್ತದೆ."

ಯಾರಿಗೂ ಅರ್ಥವಾಗಲಿಲ್ಲ.

"ಅಮಲ್ದಾರ್ರು ಊರಿಗೆ ಬಂದು ಕುರ್ಚಿ ಮ್ಯಾಲೆ ಕೂತ್ಕತಾರೆ. ಊರೋರೆಲ್ಲ ಕೈ ಕಟ್ಕಂಡು ನಿಂತಿರ್ತಾರೆ. ಒಂದ್ ಸದ್ದಿಲ್ಲ. ಆಗ ನನ್ ಗಂಟ್ಲಲ್ಲಿ ಬತ್ತದೆ ಕಣಪ್ಪ, ಉಂಜ ಕೂಗ್ದಂಗೆ ಕೊಕ್ಕೊಕ್ಕೋ ಅಂತ ಕೂಗ್ಬುಡಾನ ಅಂತ. ನಲವತ್ ವರ್ಸ ಆಯ್ತು. ನಮ್ಮಪ್ಪ ಸತ್ತಾಗ್ಲೂ ಬಂತು. ನನ್ ಮದ್ವೆ ದಾರೆಲೂ ಬಂತು. ತಲೆ ಮ್ಯಾಲೆ ಈ ರುಮಾಲು ಇರೋಗಂಟ ಕೂಗಂಗಿಲ್ಲ ಅಂತ ತಡ್ಕಂಡಿವ್ನಿ. ಯಾರ್ಗೂ ಏಳಿರ್ನಿಲ್ಲ."

ಮೊದಲು ನಕ್ಕವಳು ಬದನೆಕಾಯಿಯ ಅಜ್ಜಿ. ಅವಳು ನಕ್ಕ ರಭಸಕ್ಕೆ ಬುಟ್ಟಿ ಉರುಳಿ ಬದನೆಕಾಯಿಗಳು ಬಸ್ಸಿನ ತುಂಬ ಹರಿದಾಡಿದವು. ಅವುಗಳನ್ನು ಆರಿಸುತ್ತ ಆರಿಸುತ್ತ ಆ ಬಸ್ಸಿನ ಮುಚ್ಚಳವೇ ತೆರೆದುಹೋಯಿತು. ಯಾರಾದರೂ ಬಾಯಿ ಬಿಟ್ಟುಕೊಂಡು ನಿದ್ದೆ ಮಾಡುತ್ತಿದ್ದರೆ ಅವರ ಬಾಯಿಗೆ ಒಂದು ಹುಣಸೆಹಣ್ಣು ಹಾಕಬೇಕೆನಿಸುತ್ತದೆ ಎಂದು ಅಜ್ಜಿ ಒಪ್ಪಿಕೊಂಡಳು. ಅವಳ ಪಕ್ಕದಲ್ಲಿ ಅಷ್ಟು ಹೊತ್ತೂ ತೂಕಡಿಸುತ್ತಿದ್ದ ದಪ್ಪ ವರ್ತಕರು ಬಾಯಿ ಮುಚ್ಚಿಕೊಂಡು ಸ್ವಲ್ಪ ಅತ್ತ ಸರಿದರು. ತಮಗೆ ಯಾರ ಹೊಟ್ಟೆ ಕಂಡರೂ ಬೆರಳಿನಿಂದ ಒತ್ತಿ ನೋಡುವ ಆಸೆಯೆಂದು ಆಮೇಲೆ ನಾಚಿಕೊಂಡು ಹೇಳಿದರು. ಕೊನೆಗೆ ಬಾಷಾ ಸಾಹೇಬರು, ಇಳಿಜಾರಿನಲ್ಲಿ ಗಾಡಿ ಓಡುವಾಗ ತಮಗೆ ಸ್ಟೇರಿಂಗು ಬಿಟ್ಟು ಚಪ್ಪಾಳೆ ತಟ್ಟಬೇಕೆನಿಸುತ್ತದೆ ಎಂದಾಗ, ಇಡೀ ಬಸ್ಸು ಒಕ್ಕೊರಲಿನಿಂದ ಕಿರುಚಿಕೊಂಡಿತು.

"ಏನಿಲ್ಲ, ಏನಿಲ್ಲ," ಎಂದು ಅವರು ಸಮಾಧಾನ ಮಾಡಿದರು. "ಇಪ್ಪತ್ತು ವರ್ಷದಿಂದ ಅನ್ನಿಸ್ತದೆ. ಒಂದು ದಿನಾನೂ ಬುಟ್ಟಿಲ್ಲ. ಅನ್ನಿಸೋದು ಬೇರೆ, ಮಾಡೋದು ಬೇರೆ ಸ್ವಾಮಿ."

ಇಷ್ಟು ಸಣ್ಣ ಮಾತು ನನಗೆ ಆವರೆಗೆ ತಿಳಿದಿರಲಿಲ್ಲವೆಂದರೆ ನೀವು ನಂಬಲಾರಿರಿ. ಮನಸ್ಸಿಗೆ ಬಂದುಹೋಗುವುದಕ್ಕೆಲ್ಲ ನಾನೇ ಹೊಣೆಗಾರನೆಂದು ತಿಳಿದು, ಬಂದದ್ದನ್ನು ಬಾಗಿಲಲ್ಲೇ ತಡೆಯಲು ಹೋಗಿ, ಬಾಗಿಲು ಬಿಟ್ಟು ಕದಲಲಾರದವನಾಗಿದ್ದೆ. ರುಮಾಲನ್ನು ಪಟೇಲರಿಗೆ ಕೊಡಲು ಹೋದೆ. ಅವರು ತೆಗೆದುಕೊಳ್ಳಲಿಲ್ಲ.

"ಮದ್ದೂರು ಗಂಟ ನೀವೇ ಇಟ್ಕಳಿ. ಆಸೆ ತೀರ್ಲಿ."

ಮದ್ದೂರಿನವರೆಗೆ ಇಟ್ಟುಕೊಂಡೆ. ಮೊದಲ ಮೈಲಿಯಲ್ಲಿ ರೋಮಾಂಚನ, ಎರಡನೆಯದರಲ್ಲಿ ಕುತೂಹಲ, ಶಿಂಷಾ ನದಿಯ ಸೇತುವೆ ಹತ್ತಿರವಾಗುವ ಹೊತ್ತಿಗೆ ತೋಳು ನೋಯುತ್ತಿತ್ತು. ರುಮಾಲೆಂದರೆ ಕೊನೆಗೂ ಹಲವು ಮೊಳ ಬಟ್ಟೆ, ಸ್ವಲ್ಪ ಬೆವರಿನ ವಾಸನೆ. ಪಟೇಲರು ಬೋಳುತಲೆಗೆ ಗಾಳಿ ಆಡಿಸಿಕೊಂಡು ಮುಂದಿನ ಸೀಟಿನಲ್ಲಿ ಸುಖವಾಗಿ ನಿದ್ದೆ ಹೋಗಿದ್ದರು. ಬಾಯಿ ತೆರೆದಿತ್ತು. ಅಜ್ಜಿ ಅದನ್ನು ನೋಡುತ್ತ, ಪಾಪ, ತನ್ನ ಕೈಯನ್ನು ತಾನೇ ಹಿಡಿದುಕೊಂಡು ಕೂತಿದ್ದಳು.

ಕೊತ್ತತ್ತಿಯಲ್ಲಿ ಪಟೇಲರು ನಾಲೆಯ ಕೆಳಗಿನ ಗದ್ದೆಯನ್ನಾಗಲಿ ಕೊಟ್ಟಿಗೆಯನ್ನಾಗಲಿ ಸರಿಯಾಗಿ ನೋಡಲೇ ಇಲ್ಲ. ಬಾವಿಯ ನೀರು ಒಂದು ಗುಟುಕು ಕುಡಿದು, ಜಗಲಿಯಲ್ಲಿ ಕೂತು, ಅವ್ವನಿಗೆ ಹೇಳಿದರು:

"ನಿನ್ ಮಗಂಗೆ ಸುಳ್ಳೇಳಕೆ ಬರಾಕಿಲ್ಲ ಕಣಮ್ಮ. ನನ್ ಮಗ್ಳು ಸುಖ್ವಾಗಿರ್ತಾಳೆ."

ಅವ್ವ ಇದರ ಹಿನ್ನೆಲೆ ಗೊತ್ತಿಲ್ಲದೆ, ಮಗ ಯಾವುದೋ ಪರೀಕ್ಷೆಯಲ್ಲಿ ಪಾಸಾಗಿದ್ದಾನೆಂದು ತಿಳಿದು ಸಕ್ಕರೆ ಹಂಚಿದಳು. ಅದೂ ಒಂದು ದೃಷ್ಟಿಯಲ್ಲಿ ಸರಿಯೇ. ಮದುವೆಯಾದ ಮೇಲೆ ಜಯಮ್ಮ ಕೇಳಿದ ಮೊದಲ ಪ್ರಶ್ನೆ, "ಅವತ್ತು ನಿಮ್ ಕೈಗೇನಾಗಿತ್ತು?" ಎಂಬುದು. ಹೇಳಿದೆ. ಲೋಟ ಹಿಡಿದು ನಿಂತಾಗ ಪಾನಕವನ್ನು ನನ್ನ ತಲೆಯ ಮೇಲೆ ಸುರಿದುಬಿಡಬೇಕೆಂದು ತನಗೆ ಬಲವಾಗಿ ಅನ್ನಿಸಿತ್ತೆಂದು ಆಕೆಯೂ ಹೇಳಿದಳು. ಈಗಲೂ ಆಕೆ ಸಾರಿನ ಪಾತ್ರೆ ಹಿಡಿದು ನನ್ನ ಬೆನ್ನ ಹಿಂದೆ ಹಾದುಹೋಗುವಾಗ ನಾನು ಒಂದು ಕ್ಷಣ ಉಸಿರು ಹಿಡಿಯುತ್ತೇನೆ.

ಹಾಗಾದರೆ ನನ್ನ ಆ ಆಲೋಚನೆ ಹೋಯಿತೇ ಎಂದು ಕೇಳುತ್ತೀರಿ. ಹೋಗಿಲ್ಲ. ಬರುತ್ತದೆ; ಬಾ ಎನ್ನುತ್ತೇನೆ; ನಾನು ಏಳದಿರುವುದನ್ನು ನೋಡಿ ಸ್ವಲ್ಪ ಹೊತ್ತು ಕೂತು ಎದ್ದುಹೋಗುತ್ತದೆ. ನಮ್ಮ ಮದುವೆಯ ಧಾರೆಯ ಹೊತ್ತಿಗೆ ವಾದ್ಯ ನಿಂತು ಮಂಟಪವೆಲ್ಲ ನಿಶ್ಶಬ್ದವಾದಾಗ, ಮಾವನ ಗಂಟಲು ಏರಿಳಿಯುವುದನ್ನು ಕಂಡು ನಾನು ಬಾಸಿಂಗದ ಮರೆಯಲ್ಲಿ ನಗೆ ತಡೆಯಲು ಪಟ್ಟ ಪಾಡು ಇನ್ನೊಂದು ಪ್ರಬಂಧಕ್ಕಾಗುವಷ್ಟಿದೆ.

ಮೊನ್ನೆ ಸ್ವಾತಂತ್ರ್ಯ ಬಂದ ದಿನ ಮಳವಳ್ಳಿಯ ಮೈದಾನದಲ್ಲಿ ಸುತ್ತಲ ಹಳ್ಳಿಯ ಜನವೆಲ್ಲ ಸೇರಿತ್ತು. ನನಗೆ ಸಿಕ್ಕ ಜಾಗ ಎಂದಿನಂತೆ ಮಾವನ ಬೆನ್ನ ಹಿಂದೆ. ಕೆಂಪಂಚಿನ ರುಮಾಲು ನನ್ನ ಮೂಗಿನಿಂದ ಒಂದು ಗೇಣು. ಬಾವುಟ ಮೇಲೇರುತ್ತಿತ್ತು. ಸಾವಿರಾರು ಜನ ಉಸಿರು ಬಿಗಿಹಿಡಿದು ನಿಂತಿದ್ದರು. ನನ್ನ ಕೈಗಳು ಹಳೆಯ ಅಭ್ಯಾಸದಂತೆ ಒಂದಿಷ್ಟು ತುರಿಸಿದವು. ಅಷ್ಟರಲ್ಲಿ ಮಾವ ಹಿಂತಿರುಗದೆಯೇ ತಾವಾಗಿ ರುಮಾಲನ್ನು ತಲೆಯಿಂದ ಎತ್ತಿ ನನ್ನ ಕೈಗೆ ಹಿಡಿಸಿದರು. ಬಾವುಟ ಬಿಚ್ಚಿಕೊಂಡಿತು. ಮೈದಾನವೆಲ್ಲ ಜೈ ಎಂದು ಗರ್ಜಿಸಿತು. ಮಾವ ಎರಡೂ ಕೈಯನ್ನು ಬಾಯಿಗೆ ಹಿಡಿದು, ಎದೆ ತುಂಬ ಉಸಿರೆಳೆದು, ನಲವತ್ತು ವರ್ಷದ ಆ ಕೋಳಿಯನ್ನು ಬಿಟ್ಟರು.

ಜನರ ಜೈಕಾರ ಬೇಗ ಮುಗಿಯಿತು, ಕೋಳಿಯದು ಮುಗಿಯಲಿಲ್ಲ. ಅದು ಒಂಟಿಯಾಗಿ, ಉದ್ದವಾಗಿ, ಆನಂದವಾಗಿ ಮೈದಾನದ ಮೇಲೆ ಹಾದುಹೋಯಿತು. ವೇದಿಕೆಯ ಗಣ್ಯರು ಅತ್ತಿತ್ತ ನೋಡಿದರು. ಮುಂದಿನ ಸಾಲಿನಿಂದ ಯಾರೋ, "ಉಂಜಾನೂ ಜೈ ಅಂತದಲ್ಲೋ ಲೇ!" ಎಂದು ಕೂಗಿದ್ದೇ ತಡ, ಚಪ್ಪಾಳೆಯ ಮಳೆಯಾಯಿತು.

ನಾನು ಕಣ್ಣೀರು ಬರುವಷ್ಟು ನಗುತ್ತ, ಅವರ ಕಿವಿಯ ಬಳಿ ಬಾಗಿ, ಕೊನೆಗೂ ಹೋಯಿತೇ ಮಾವ ಎಂದು ಕೇಳಿದೆ. ಅವರ ಬೋಳುತಲೆ ಬಿಸಿಲಿಗೆ ಥಳಥಳ ಹೊಳೆಯುತ್ತಿತ್ತು.

"ಎಲ್ಲೋಯ್ತದಪ್ಪ? ಇನ್ನೊಂದ್ ಕಿತ ಕೂಗಾನ ಅನ್ನಿಸ್ತಾದೆ. ರುಮಾಲು ಈಗ್ಲೇ ಕೊಡ್ಬ್ಯಾಡ, ಇಟ್ಕಂಡಿರು."

ಇಟ್ಟುಕೊಂಡೆ.